ಹೆಸರು ಹೂವಿನದು, ನಾಲಿಗೆ ನಮ್ಮದು

ಮಳೆ ಹಿಡಿದು ಕೆಲವು ವಾರ ಕಳೆದರೆ ಸಾಕು, ಹಿತ್ತಿಲ ಗೋಡೆಯ ಬುಡದಲ್ಲಿ, ಬಚ್ಚಲ ನೀರು ಹರಿಯುವ ಕಡೆಯಲ್ಲಿ ಯಾರೂ ಬಿತ್ತದ ಒಂದು ಗಿಡ ತಲೆಯೆತ್ತುತ್ತದೆ. ರಸ ತುಂಬಿದ ಮೆತ್ತನೆಯ ಕಾಂಡ, ಗರಗಸದ ಅಂಚಿನ ಎಲೆ, ಎಲೆಯ ಕಂಕುಳಲ್ಲಿ ಗುಲಾಬಿ ಬಣ್ಣದ ಹೂ. ನಮ್ಮ ಮನೆಯಲ್ಲಿ ಅದನ್ನು ಗುಲ್‌ಮೆಹಂದಿ ಎನ್ನುತ್ತಿದ್ದರು. ಅದರ ಹೂ, ಎಲೆಗಳನ್ನು ಅರೆದು ಉಗುರಿಗೆ ಕಟ್ಟಿ ಮಲಗಿದರೆ ಬೆಳಿಗ್ಗೆ ಉಗುರು ಕೆಂಪಾಗಿರುತ್ತಿತ್ತು. ನಿಜವಾದ ಮೆಹಂದಿ ಗಿಡವಿಲ್ಲದ ಮನೆಯ ಹೆಣ್ಣುಮಕ್ಕಳಿಗೆ ಅದೇ ಮೆಹಂದಿ.

ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದು ಸೇರಿದ ವರ್ಷ ಮಾಸ್ತರರು ಇದೇ ಹೂವನ್ನು ತರಗತಿಗೆ ತಂದು ತೋರಿಸಿದರು. ಇದರ ಹೆಸರು ಕರ್ಣಕುಂಡಲ ಎಂದರು. ಹೂವಿನ ಹಿಂದೆ ಕೊಂಡಿಯಂತೆ ಬಾಗಿದ ತೆಳು ಬಾಲವನ್ನು ತೋರಿಸಿ, ಕಿವಿಯಲ್ಲಿ ತೂಗುವ ಓಲೆಯ ಹಾಗಿಲ್ಲವೇ ಎಂದು ಕೇಳಿದರು. ಬಳಿಕ ನಿಮ್ಮ ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ನಮ್ಮ ಸರದಿ ಬಂದಾಗ ಎದ್ದುನಿಂತು, ನಮ್ಮ ಮನೆಯಲ್ಲೂ ಕರ್ಣಕುಂಡಲವೆಂದೇ ಅನ್ನುತ್ತಾರೆ ಸಾರ್ ಎಂದು ಸುಳ್ಳು ಹೇಳಿದೆವು.

ಯಾರೂ ನಮ್ಮನ್ನು ಹೆದರಿಸಿರಲಿಲ್ಲ. ಯಾರೂ ನಕ್ಕಿರಲಿಲ್ಲ. ಆ ಮಾಸ್ತರರು ಒಳ್ಳೆಯವರು. ಗುಲ್‌ಮೆಹಂದಿ ಎಂದಿದ್ದರೆ ಕಪ್ಪು ಹಲಗೆಯ ಮೇಲೆ ಅದನ್ನೂ ಬರೆಯುತ್ತಿದ್ದರು. ಆದರೂ ಒಂದು ಹೂವಿನ ಹೆಸರಿಗಾಗಿ ನಾವು ಸುಳ್ಳು ಹೇಳಿದೆವು. ಮನೆಯ ಹೆಸರು ಮನೆಯಲ್ಲೇ ಇರಲಿ, ಹೊರಗೆ ಹೊರಗಿನ ಹೆಸರು ಸಾಕು ಎಂಬ ಎಚ್ಚರ ಆ ವಯಸ್ಸಿಗೆ ನಮಗೆ ಹೇಗೆ ಬಂತು? ಕಾಡುಹೂಗಳಿಗೆ ಹೆಸರು ಹೇಗೆ ಬರುತ್ತದೆ ಎಂದು ಯೋಚಿಸಲು ಕುಳಿತಾಗಲೆಲ್ಲ ಆ ಬೆಂಚು ನೆನಪಾಗುತ್ತದೆ. ಹೆಸರಿನ ಪ್ರಶ್ನೆ ಸಸ್ಯಶಾಸ್ತ್ರಕ್ಕಷ್ಟೇ ಸೇರಿದ್ದಲ್ಲ, ಅದು ನಮ್ಮ ನಡತೆಗೂ ಸೇರಿದ್ದು ಎಂದು ನಮಗೆ ಅನ್ನಿಸಿರುವುದು ಈ ಕಾರಣದಿಂದಲೇ.

ಮುಂದೆ ತಿಳಿದದ್ದೇನೆಂದರೆ, ಸಸ್ಯಶಾಸ್ತ್ರಜ್ಞರು ಈ ಗಿಡದ ಕುಲವನ್ನು ಇಂಪೇಷಿಯನ್ಸ್ ಎಂದು ಕರೆದಿದ್ದಾರೆ. ಲ್ಯಾಟಿನ್ನಿನಲ್ಲಿ ಹಾಗೆಂದರೆ ತಾಳ್ಮೆಯಿಲ್ಲದ್ದು. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಅದು ಪಟ್ಟನೆ ಸಿಡಿದು ಬೀಜಗಳನ್ನು ದೂರಕ್ಕೆ ಚಿಮ್ಮುತ್ತದೆ. ಹೂ ಒಂದೇ, ಕನ್ನಡ ಅದರ ಆಕಾರ ಕಂಡಿತು, ಉರ್ದು ಅದರ ಉಪಯೋಗ ಕಂಡಿತು, ಲ್ಯಾಟಿನ್ ಅದರ ಸ್ವಭಾವ ಕಂಡಿತು. ಮೂರೂ ಸತ್ಯವೇ. ಆದರೆ ಯಾವ ಒಂದು ಹೆಸರೂ ಹೂವನ್ನು ಪೂರ್ತಿಯಾಗಿ ಹೇಳುವುದಿಲ್ಲ.

ಕಾಡುಹೂಗಳ ಹೆಸರುಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಅವು ಹುಟ್ಟುವ ದಾರಿಗಳು ಕೆಲವೇ ಎಂಬುದು ಗೊತ್ತಾಗುತ್ತದೆ. ಆಕಾರ ನೋಡಿ ಶಂಖಪುಷ್ಪ ಎಂದರು. ಅರಳುವ ಹೊತ್ತು ನೋಡಿ ಸಂಜೆಮಲ್ಲಿಗೆ ಎಂದರು. ಇಂಗ್ಲಿಷರು ಅದೇ ಹೂವನ್ನು ನಾಲ್ಕು ಗಂಟೆಯ ಹೂ ಎಂದರು. ಉರ್ದುವಿನಲ್ಲಿ ಅದು ಗುಲೆ ಅಬ್ಬಾಸ್. ನಿಜಕ್ಕೆ ಅದು ಮಲ್ಲಿಗೆಯ ಜಾತಿಯೇ ಅಲ್ಲ, ಅಮೆರಿಕ ಖಂಡದಿಂದ ಬಂದ ಗಿಡ. ಕೆಲವು ಹೂಗಳಿಗೆ ಕಥೆಯೇ ಹೆಸರಾಯಿತು. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಮಳೆಗಾಲದ ಕೊನೆಗೆ ನೆಲವನ್ನೆಲ್ಲ ನೇರಳೆ ಮಾಡುವ ಒಂದು ಪುಟ್ಟ ಹೂವಿದೆ. ಅಲ್ಲಿನ ಜನ ಅದನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. ವಿಜ್ಞಾನಿಗಳು ಯುಟ್ರಿಕ್ಯುಲೇರಿಯಾ ಎನ್ನುತ್ತಾರೆ. ಪುಟ್ಟ ಚೀಲ ಎಂಬ ಅರ್ಥದ ಪದದಿಂದ ಬಂದ ಹೆಸರು. ಆ ಗಿಡದ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ, ಅವುಗಳಲ್ಲಿ ಅದು ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಮೇಲಿನಿಂದ ನೋಡಿದವರಿಗೆ ಕಣ್ಣೀರು, ಅಗೆದು ನೋಡಿದವರಿಗೆ ಹೊಟ್ಟೆ.

ಈ ಹೆಸರುಗಳನ್ನು ಇಟ್ಟವರು ಯಾರು? ವಿಜ್ಞಾನದ ಹೆಸರುಗಳಿಗೆ ದಾಖಲೆಯಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಗಿಡಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿ ನೆಲೆಗೊಂಡಿತು. ಯಾವ ಹೆಸರನ್ನು ಯಾರು, ಯಾವ ವರ್ಷ ಇಟ್ಟರು ಎಂದು ಹುಡುಕಿ ತೆಗೆಯಬಹುದು. ಜನರ ಹೆಸರುಗಳಿಗೆ ಅಂಥ ದಾಖಲೆಯಿಲ್ಲ. ಸೊಪ್ಪು ಕೊಯ್ಯಲು ಹೋದ ಹೆಂಗಸು, ಮೇಕೆ ಮೇಯಿಸುವ ಹುಡುಗ, ಬೇರು ನಾರು ಅರೆಯುವ ನಾಟಿ ವೈದ್ಯ, ಆಟವಾಡುವ ಮಕ್ಕಳು: ಇವರೆಲ್ಲ ಕರೆದದ್ದೇ ಹೆಸರಾಯಿತು. ಅವರ ಹೆಸರು ಎಲ್ಲಿಯೂ ಉಳಿಯಲಿಲ್ಲ, ಅವರು ಕರೆದದ್ದು ಉಳಿಯಿತು.

ಹಾಗಿದ್ದರೆ ಜನರು ಇಟ್ಟ ಹೆಸರು ಸದಾ ಹೂವಿನ ಬಗ್ಗೆಯೇ ಹೇಳುತ್ತದೆಯೇ? ಮುಟ್ಟಿದರೆ ಮುನಿಯನ್ನು ನೋಡೋಣ. ಇದೂ ಅಮೆರಿಕ ಖಂಡದ ಗಿಡ, ಈಗ ನಮ್ಮ ಗದ್ದೆ ಬದುಗಳಲ್ಲೆಲ್ಲ ಹರಡಿದೆ. ಅದರ ಎಲೆಗಳ ಬುಡದಲ್ಲಿ ಉಬ್ಬಿದ ಗೆಣ್ಣುಗಳಿವೆ. ಮುಟ್ಟಿದೊಡನೆ ಆ ಗೆಣ್ಣಿನ ಒಂದು ಬದಿಯ ಕೋಶಗಳಿಂದ ನೀರು ಹೊರಹೋಗಿ ಎಲೆ ಮಡಚಿಕೊಳ್ಳುತ್ತದೆ. ಕೆಲವು ನಿಮಿಷಗಳಲ್ಲಿ ನೀರು ಮರಳಿ ಎಲೆ ಬಿಚ್ಚಿಕೊಳ್ಳುತ್ತದೆ. ನಡೆಯುವುದು ಇಷ್ಟೇ. ಲಿನೇಯಸ್ ಇದಕ್ಕೆ ಪುಡಿಕಾ, ಅಂದರೆ ಲಜ್ಜೆಯುಳ್ಳವಳು ಎಂದು ಹೆಸರಿಟ್ಟ. ಹಿಂದಿ, ಉರ್ದು ಬಲ್ಲವರು ಛುಯಿಮುಯಿ ಎಂದರು, ಲಾಜವಂತಿ ಎಂದರು. ಮಲಯಾಳಿಗಳು ತೊಟ್ಟಾವಾಡಿ, ಮುಟ್ಟಿದರೆ ಬಾಡುವುದು ಎಂದರು. ಕನ್ನಡದಲ್ಲೂ ನಾಚಿಕೆಮುಳ್ಳು ಎಂಬ ಹೆಸರಿದೆ. ಆದರೆ ಅದೇ ಕನ್ನಡದಲ್ಲಿ ಮುಟ್ಟಿದರೆ ಮುನಿ ಎಂಬ ಹೆಸರೂ ಇದೆ. ಮುನಿ ಎಂದರೆ ಇಲ್ಲಿ ಋಷಿಯಲ್ಲ, ಮುನಿಸು. ಈ ಹೆಸರಿಟ್ಟವರಿಗೆ ಆ ಗಿಡ ನಾಚಿದಂತೆ ಕಾಣಲಿಲ್ಲ, ಸಿಟ್ಟಾದಂತೆ ಕಂಡಿತು.

ಕೇಳದೆ ಮುಟ್ಟಿದ ಕೈಗೆ ಗಿಡ ಕೊಟ್ಟ ಉತ್ತರವನ್ನು ಒಬ್ಬರು ನಾಚಿಕೆ ಎಂದು ಬರೆದುಕೊಂಡರು, ಇನ್ನೊಬ್ಬರು ಕೋಪ ಎಂದು ಅರ್ಥಮಾಡಿಕೊಂಡರು. ಕಥೆ ಬರೆಯುವ ನಮಗೆ ಈ ವ್ಯತ್ಯಾಸ ಸಣ್ಣದೆನಿಸುವುದಿಲ್ಲ. ಹೆಣ್ಣುಮಕ್ಕಳು ತಲೆ ತಗ್ಗಿಸಿದಾಗ ಅದನ್ನು ಹಯಾ ಎಂದು, ಲಜ್ಜೆ ಎಂದು ಹೊಗಳುವವರು ಬಹಳ. ಅದು ಮುನಿಸಾಗಿರಬಹುದೇ ಎಂದು ಕೇಳುವವರು ಎಷ್ಟು ಮಂದಿ? ಗಿಡಕ್ಕೆ ನಾಚಿಕೆಯೂ ಇಲ್ಲ, ಕೋಪವೂ ಇಲ್ಲ. ಆ ಹೆಸರುಗಳಲ್ಲಿ ಇರುವುದು ನೋಡಿದವರ ಮನಸ್ಸು.

ಇದಕ್ಕಿಂತ ಹೆಚ್ಚು ದೂರದ ಹೆಸರುಗಳನ್ನು ಹೊತ್ತ ಹೂ ನಿತ್ಯಪುಷ್ಪ. ವರ್ಷವಿಡೀ ಅರಳುವುದರಿಂದ ನಮಗೆ ಅದು ನಿತ್ಯಪುಷ್ಪ, ಉರ್ದುವಿನಲ್ಲಿ ಸದಾಬಹಾರ್. ಕಾಶಿ ಕಣಗಿಲೆ ಎಂಬ ಹೆಸರೂ ಇದೆ. ಗಿಡ ಬಂದದ್ದು ಮಡಗಾಸ್ಕರ್ ದ್ವೀಪದಿಂದ, ಆದರೆ ಹೆಸರಿನಲ್ಲಿ ಅದು ಕಾಶಿಯದಾಯಿತು. ಇದೇ ಹೂವಿಗೆ ತಮಿಳಿನಲ್ಲಿ ನಿತ್ಯಕಲ್ಯಾಣಿ ಎಂಬ ಮಂಗಳದ ಹೆಸರಿನ ಜೊತೆಗೆ ಸುಡುಗಾಟ್ಟು ಮಲ್ಲಿ, ಸ್ಮಶಾನದ ಮಲ್ಲಿಗೆ ಎಂಬ ಹೆಸರೂ ಇದೆ. ಮಲಯಾಳದಲ್ಲಿ ಶವಂನಾರಿ ಎನ್ನುವವರಿದ್ದಾರೆ. ನೀರು ಹಾಕುವವರಿಲ್ಲದ ಕಡೆಯಲ್ಲೂ ಬದುಕುವ ಗಿಡವಾದ್ದರಿಂದ ಅದು ಗೋರಿಗಳ ನಡುವೆ ಬೆಳೆಯಿತು. ನಮ್ಮ ಊರಿನ ಖಬರಸ್ಥಾನದಲ್ಲೂ ಇದೆ. ಗೋರಿಯ ಬಳಿ ಬೆಳೆದ ತಪ್ಪಿಗೆ ಅದಕ್ಕೆ ಹೆಣದ ವಾಸನೆಯ ಹೆಸರು ಅಂಟಿತು. ಸತ್ತವರ ಬಳಿ ಯಾರೂ ನಿಲ್ಲದಿದ್ದಾಗ ತಾನು ನಿಂತಿತು ಎಂದು ಯಾರಾದರೂ ಹೆಸರಿಟ್ಟಿದ್ದರೆ ಅದೂ ಸಲ್ಲುತ್ತಿತ್ತು. 1950ರ ದಶಕದಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು, ಈ ಗಿಡ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಜನರ ನಂಬಿಕೆಯ ಜಾಡು ಹಿಡಿದು ಪರೀಕ್ಷೆಗೆ ತೊಡಗಿದಾಗ ಅವರಿಗೆ ಸಿಕ್ಕಿದ್ದು ಕ್ಯಾನ್ಸರಿನ ಔಷಧ. ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಾಗುತ್ತಿದೆ. ಸ್ಮಶಾನದ ಹೂವೆಂದು ದೂರವಿಟ್ಟದ್ದು ಎಷ್ಟೋ ಮಕ್ಕಳನ್ನು ಸ್ಮಶಾನದಿಂದ ದೂರವಿಟ್ಟಿತು.

ಇನ್ನು ದೂರಿನ ಹೆಸರುಗಳಿಗೆ ಬರೋಣ. ಪಾರ್ಥೇನಿಯಂ ಗಿಡವನ್ನು ನಮ್ಮ ರೈತರು ಕಾಂಗ್ರೆಸ್ ಗಿಡ ಎನ್ನುತ್ತಾರೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಇದು ಮೊದಲು ಗಮನಕ್ಕೆ ಬಂತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂಬುದು ಜನಜನಿತ ಮಾತು. ಬಿಳಿ ಟೋಪಿಯಂಥ ಹೂ, ಆಗ ಅಧಿಕಾರದಲ್ಲಿದ್ದ ಪಕ್ಷ, ಹೊರಗಿನ ಗೋಧಿ: ಎಲ್ಲ ಸೇರಿ ಆ ಹೆಸರಾಯಿತು. ಚರ್ಮಕ್ಕೆ ತುರಿಕೆ, ಎದೆಗೆ ಉಬ್ಬಸ ತರುವ ಗಿಡ ಅದು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಅದು ಪೂರ್ತಿ ಅಳಿಯಲಿಲ್ಲ. ಕೇರಳದಲ್ಲಿ ಅಷ್ಟೇ ವೇಗದಲ್ಲಿ ಹರಡಿದ ಇನ್ನೊಂದು ಹೊರಗಿನ ಗಿಡಕ್ಕೆ ಕಮ್ಯುನಿಸ್ಟ್ ಪಚ್ಚ ಎಂದು ಹೆಸರು. ಬಂಗಾಳದ ಕೆರೆಗಳನ್ನು ಮುಚ್ಚಿದ ನೇರಳೆ ಹೂವಿನ ನೀರುಕಳೆಯನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪಾನಾ ಎಂದರು, ಶತ್ರುಗಳೇ ತಂದು ಬಿಟ್ಟರೆಂಬ ವದಂತಿಯಿಂದ. ಅದು ಜರ್ಮನಿಯದಲ್ಲ, ದಕ್ಷಿಣ ಅಮೆರಿಕದ್ದು.

ಇಂಥ ಹೆಸರುಗಳನ್ನು ಓದಿ ನಗು ಬರುತ್ತದೆ, ಬರಬೇಕು ಕೂಡ. ಆಳುವವರನ್ನು ಬಯ್ಯಲು ಬಡ ರೈತನಿಗೆ ಪತ್ರಿಕೆಯಿಲ್ಲ, ವೇದಿಕೆಯಿಲ್ಲ. ಹೊಲದ ಕಳೆಗೆ ಅವರ ಹೆಸರಿಟ್ಟು ಸೇಡು ತೀರಿಸಿಕೊಂಡರೆ ಅದರಲ್ಲಿ ದೊಡ್ಡ ಪಾಪವಿಲ್ಲ. ಪಕ್ಷಗಳಿಗೆ ಅದರಿಂದ ಆದ ನಷ್ಟವೂ ಕಾಣೆವು. ಆದರೆ ಅದೇ ನಾಲಿಗೆ ಕೈಲಾಗದವರ ಕಡೆಗೆ ತಿರುಗಿದಾಗ ಏನಾಗುತ್ತದೆ?

ನೆಲದಲ್ಲಿ ಹಬ್ಬುತ್ತ ಹೋಗುವ, ತುಂಡು ಬಿದ್ದಲ್ಲೆಲ್ಲ ಬೇರು ಬಿಡುವ ಒಂದು ಬಳ್ಳಿ ಇದೆ. ನಮ್ಮ ಮನೆಗಳ ತೂಗುಕುಂಡಗಳಲ್ಲೂ ನೇರಳೆ ಬೆಳ್ಳಿ ಪಟ್ಟೆಯ ಎಲೆಗಳಿಂದ ಚೆಂದ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಬಹಳ ಕಾಲ ಇದ್ದ ಹೆಸರು ಅಲೆಮಾರಿ ಯಹೂದಿ. ಯೇಸುವನ್ನು ಅಣಕಿಸಿದ್ದಕ್ಕಾಗಿ ಲೋಕದ ಕೊನೆಯವರೆಗೂ ಅಲೆಯುವ ಶಾಪ ಪಡೆದ ಯಹೂದಿಯೊಬ್ಬನ ಕಟ್ಟುಕಥೆ ಮಧ್ಯಯುಗದ ಯುರೋಪಿನಲ್ಲಿ ಹರಡಿತ್ತು. ಮನೆಯಿಂದ ಓಡಿಸಿದವರೇ ಓಡುವವರಿಗೆ ಇಟ್ಟ ಹೆಸರದು. ಈಗ ಅನೇಕ ತೋಟಗಾರರು ಆ ಹೆಸರನ್ನು ಬಿಟ್ಟು ಟ್ರಾಡಿಸ್ಕ್ಯಾಂಶಿಯಾ ಎಂಬ ಶಾಸ್ತ್ರದ ಹೆಸರನ್ನೇ ಬಳಸುತ್ತಿದ್ದಾರೆ.

ಇಲ್ಲಿಯವರೆಗೆ ಬೇರೆಯವರ ನಾಲಿಗೆಯ ಮಾತಾಯಿತು. ನಮ್ಮದೇ ಹಿನ್ನೆಲೆಯ ಪದವೊಂದು ಏನು ಮಾಡಿದೆ ಎಂಬುದನ್ನೂ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ, ಕೆಂಪು ಹೂ ಬಿಡುವ ಹಾಲುವಾಣದ ಮರ ಎಲ್ಲರಿಗೂ ಗೊತ್ತು. ಅದರ ಒಂದು ಬಂಧು ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಬೆಳೆಯುತ್ತದೆ. ಅದರ ಶಾಸ್ತ್ರೀಯ ಹೆಸರು ಎರಿತ್ರಿನಾ ಕಾಫ್ರಾ ಎಂದಿತ್ತು. ಕಾಫ್ರಾ ಬಂದದ್ದು ಕಾಫಿರ್ ಎಂಬ ಅರಬಿ ಪದದಿಂದ. ಪೂರ್ವ ಆಫ್ರಿಕಾದ ದಡದಲ್ಲಿ ಅರಬ್ ವರ್ತಕರು ಅಲ್ಲಿನ ಮುಸ್ಲಿಮರಲ್ಲದ ಜನರಿಗೆ ಬಳಸಿದ ಪದವನ್ನು ಪೋರ್ಚುಗೀಸರು ಎತ್ತಿಕೊಂಡರು, ಅವರಿಂದ ಡಚ್ಚರು, ಇಂಗ್ಲಿಷರು. ವರ್ಣಭೇದದ ದಿನಗಳಲ್ಲಿ ಅದು ಕರಿಯ ಮನುಷ್ಯನ ಮುಖಕ್ಕೆ ಎಸೆಯುವ ಬೈಗುಳವಾಗಿತ್ತು. ಆ ದೇಶದ ನ್ಯಾಯಾಲಯಗಳು ಇಂದು ಅದನ್ನು ದ್ವೇಷದ ಮಾತೆಂದು ಪರಿಗಣಿಸುತ್ತವೆ. 2024ರ ಜುಲೈನಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಮತದಾನ ನಡೆದು, ಇನ್ನೂರಕ್ಕೂ ಹೆಚ್ಚು ಜೀವಜಾತಿಗಳ ಹೆಸರಿನಲ್ಲಿದ್ದ ಈ ಪದದಿಂದ ಒಂದು ಅಕ್ಷರ ತೆಗೆದುಹಾಕಲು ತೀರ್ಮಾನವಾಯಿತು. ಕಾಫ್ರಾ ಇದ್ದದ್ದು ಆಫ್ರಾ ಆಗಬೇಕು, ಆಫ್ರಿಕಾದ್ದು ಎಂಬ ಅರ್ಥದಲ್ಲಿ.

ಪದದ ವಿಧಿಯನ್ನು ನೋಡಿ. ಅರಬಿಯಲ್ಲಿ ಆ ಧಾತುವಿನ ಮೂಲ ಅರ್ಥ ಮುಚ್ಚುವುದು. ಸತ್ಯವನ್ನು ಮುಚ್ಚುವವನು ಎಂಬ ಅರ್ಥದ ಜೊತೆಗೆ, ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತನಿಗೂ ಅದು ಸಲ್ಲುತ್ತಿತ್ತು. ಬಿತ್ತುವವನ ಹೆಸರಾಗಬಹುದಾಗಿದ್ದ ಪದ ಹಡಗು ಹತ್ತಿ ಹೋಗಿ, ಕೈಯಿಂದ ಕೈಗೆ ದಾಟಿ, ಒಂದು ಇಡೀ ಖಂಡದ ಜನರ ಅವಮಾನವಾಯಿತು. ನಾವೇನೂ ಆ ಹಡಗಿನಲ್ಲಿರಲಿಲ್ಲ ಎಂದು ಕೈ ತೊಳೆದುಕೊಳ್ಳಬಹುದು. ಆದರೆ ಇಂದಿಗೂ ಸಿಟ್ಟು ಬಂದಾಗ ಆ ಪದ ನಮ್ಮವರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ನಮಗೆ ಗೊತ್ತಿದೆ. ಕುರ್‌ಆನಿನ ಹುಜುರಾತ್ ಅಧ್ಯಾಯ ಒಬ್ಬರನ್ನೊಬ್ಬರು ಹೀನ ಅಡ್ಡಹೆಸರುಗಳಿಂದ ಕರೆಯುವುದನ್ನು ನಿಷೇಧಿಸಿದೆ. ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಮೊದಲ ಮನುಷ್ಯ ಆದಮರಿಗೆ ಹೆಸರುಗಳನ್ನು ಕಲಿಸಿದ ಪ್ರಸಂಗವಿದೆ. ಹೆಸರು ಅಮಾನತ್ತಾಗಿ ಬಂದದ್ದು ಎಂದು ನಂಬುವವರು ಅದನ್ನು ಕಲ್ಲಿನಂತೆ ಬೀಸಬಹುದೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹೂವಿಗೆ ಕಿವಿಯಿಲ್ಲ, ಏನೆಂದು ಕರೆದರೂ ಅದು ಅರಳುತ್ತದೆ; ಹೆಸರು ಬದಲಿಸುವುದು ಹಳೆಯ ಪುಸ್ತಕಗಳನ್ನು ಗೋಜಲು ಮಾಡುವ ಕೆಲಸ, ಇತಿಹಾಸವನ್ನು ಅಳಿಸುವ ಕೆಲಸ ಎನ್ನುವವರಿದ್ದಾರೆ. ಮ್ಯಾಡ್ರಿಡ್‌ನಲ್ಲೂ ಹಲವರು ವಿರೋಧವಾಗಿ ಮತ ಹಾಕಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲ ಹಳೆಯ ಹೆಸರುಗಳನ್ನೂ ತೊಳೆದು ಒಣಗಿಸಿದರೆ ಸೀತೆಯ ಕಣ್ಣೀರೂ ಹೋಗುತ್ತದೆ, ಮುಟ್ಟಿದರೆ ಮುನಿಯೂ ಹೋಗುತ್ತದೆ, ಕೊನೆಗೆ ಔಷಧಿ ಅಂಗಡಿಯ ಚೀಟಿಯಂಥ ಹೆಸರುಗಳು ಮಾತ್ರ ಉಳಿಯುತ್ತವೆ. ಹೂವಿಗೆ ಕಿವಿಯಿಲ್ಲವೆಂಬುದೂ ನಿಜ. ಆದರೆ ಹೂವಿನ ಪಕ್ಕದಲ್ಲಿ ನಿಂತವರಿಗೆ ಕಿವಿಯಿದೆ. ಆ ಮರದ ನೆರಳಿನಲ್ಲಿ ಕುಳಿತ ಕರಿಯ ಮಗು ತನ್ನ ತಂದೆಗೆ ಬಿದ್ದ ಬೈಗುಳವನ್ನೇ ಮರದ ಹೆಸರಾಗಿ ಕಲಿಯಬೇಕಾಗಿತ್ತು. ಯಾವ ಹೆಸರನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅಳೆಯಲು ನಮಗೆ ತೋಚುವ ಒಂದೇ ಮಾನದಂಡವೆಂದರೆ, ಆ ಹೆಸರನ್ನು ಅದು ಯಾರನ್ನು ಕುರಿತದ್ದೋ ಅವರ ಮುಂದೆ ಗಟ್ಟಿಯಾಗಿ ಹೇಳಬಲ್ಲೆವೇ ಎಂಬುದು. ಕಾಂಗ್ರೆಸ್ ಗಿಡ ಎಂದು ಆ ಪಕ್ಷದ ನಾಯಕರ ಮುಂದೆಯೇ ಹೇಳಿ ನಗಬಹುದು, ಅವರೂ ನಗಬಹುದು. ಇನ್ನೊಂದನ್ನು ಹಾಗೆ ಹೇಳಲಾಗದು.

ಚೆಂಡುಹೂವಿನ ಉದಾಹರಣೆ ಈ ದಾರಿಯಲ್ಲಿ ನಮಗೆ ತುಂಬ ಸಮಾಧಾನ ಕೊಟ್ಟಿದೆ. ಅದು ಕೃಷಿಯ ಹೂವಾದರೂ ಬೀಜ ಬಿದ್ದಲ್ಲಿ ಕಾಡುಹೂವಿನಂತೆ ಬೆಳೆದುಬಿಡುತ್ತದೆ. ಅದರ ತವರು ಮೆಕ್ಸಿಕೋ. ಇಂಗ್ಲಿಷರು ಅದರ ಒಂದು ಜಾತಿಯನ್ನು ಆಫ್ರಿಕನ್ ಎಂದರು, ಇನ್ನೊಂದನ್ನು ಫ್ರೆಂಚ್ ಎಂದರು, ಎರಡೂ ತಪ್ಪು. ತಮಿಳಿನಲ್ಲಿ ಅದಕ್ಕೆ ತುಲುಕ್ಕ ಸಾಮಂದಿ ಎಂಬ ಹೆಸರಿದೆ, ಅಂದರೆ ತುರುಕರ ಸೇವಂತಿಗೆ. ಹೊರಗಿನಿಂದ ಬಂದದ್ದನ್ನೆಲ್ಲ ಆ ಹೊತ್ತಿಗೆ ಹೊರಗಿನವರೆಂದು ಕಂಡವರ ಖಾತೆಗೆ ಬರೆಯುವ ಅಭ್ಯಾಸ ಎಲ್ಲ ಭಾಷೆಗಳಲ್ಲೂ ಇದೆ. ಅದರಲ್ಲಿ ದ್ವೇಷವೇ ಇರಬೇಕೆಂದಿಲ್ಲ. ಆದರೆ ಕನ್ನಡ ಆ ಹೂವನ್ನು ನೀನು ಎಲ್ಲಿಂದ ಬಂದೆ ಎಂದು ಕೇಳಲೇ ಇಲ್ಲ. ಚೆಂಡಿನ ಹಾಗೆ ದುಂಡಗಿದ್ದೀಯ ಎಂದಿತು, ಚೆಂಡುಹೂ ಎಂದು ಕರೆಯಿತು. ಆಯುಧಪೂಜೆಯ ದಿನ ಬಸ್ಸಿನ ಮುಂದೆ ಅದರ ಮಾಲೆ, ಉರುಸಿನ ದಿನ ದರ್ಗಾದ ಬಾಗಿಲಿಗೆ ಅದರ ಮಾಲೆ. ಎರಡೂ ಕಡೆ ಅದರ ಮೂಲದ ದಾಖಲೆ ಕೇಳಿದವರಿಲ್ಲ.

ಎದುರಿಗಿರುವುದನ್ನು ಕಣ್ಣಿಟ್ಟು ನೋಡಿ ಇಟ್ಟ ಹೆಸರು ಮತ್ತು ನೋಡದೆ ಹೊರಿಸಿದ ಹೆಸರು, ಇವೆರಡರ ಅಂತರವನ್ನು ಕಾಡುಹೂಗಳು ನಮಗೆ ಕಲಿಸುತ್ತವೆ. ಕರ್ಣಕುಂಡಲ ಎಂದವರು ಬಗ್ಗಿ ನೋಡಿದ್ದರು. ಗುಲ್‌ಮೆಹಂದಿ ಎಂದವರು ಅರೆದು ನೋಡಿದ್ದರು. ಜರ್ಮನ್ ಪಾನಾ ಎಂದವರಿಗೆ ನೋಡುವ ಪುರಸತ್ತಿರಲಿಲ್ಲ, ಅವರಿಗೆ ಒಬ್ಬ ಅಪರಾಧಿ ಬೇಕಾಗಿತ್ತು. ಮನುಷ್ಯರಿಗೆ ನಾವು ಇಡುವ ಹೆಸರುಗಳೂ ಈ ಎರಡೇ ಬಗೆಯವು. ಕೇರಿಯ ಹೆಸರು, ಜಾತಿಯ ಹೆಸರು, ಬಡವರ ಮಕ್ಕಳಿಗೆ ಶಾಲೆಯಲ್ಲಿ ಅಂಟುವ ಅಡ್ಡಹೆಸರು, ಇವುಗಳಲ್ಲಿ ಹೆಚ್ಚಿನವು ಹತ್ತಿರ ಬಂದು ನೋಡದವರು ಇಟ್ಟವು.

ಈಗ ಇನ್ನೊಂದು ಕಷ್ಟ ಬಂದಿದೆ. ಕೆಟ್ಟ ಹೆಸರುಗಳನ್ನು ಬಿಡುವ ಮಾತಿರಲಿ, ಒಳ್ಳೆಯ ಹೆಸರುಗಳೂ ನಮ್ಮ ಮಕ್ಕಳ ಬಾಯಿಂದ ಜಾರುತ್ತಿವೆ. ಈಚೆಗೆ ಮನೆಯ ಹುಡುಗಿಯೊಬ್ಬಳು ರಸ್ತೆ ಬದಿಯ ಬಿಳಿ ಹೂವೊಂದನ್ನು ಕಿತ್ತು ತಂದು ಇದೇನು ಎಂದು ಕೇಳಿದಳು. ತುಂಬೆ ಎಂದೆವು. ಸಂಸ್ಕೃತದಲ್ಲಿ ದ್ರೋಣಪುಷ್ಪಿ, ದೊನ್ನೆಯಂಥ ಹೂ ಎಂದೆವು. ಹಾಗಾದರೆ ನಮ್ಮ ಭಾಷೆಯಲ್ಲಿ ಏನು ಎಂದಳು. ನಮಗೆ ತಕ್ಷಣ ಉತ್ತರ ಬರಲಿಲ್ಲ. ಅವಳು ನಮ್ಮ ಭಾಷೆ ಎಂದದ್ದು ಮನೆಯ ದಖನಿಯನ್ನು. ನಮ್ಮ ನಾನಿ ಅದನ್ನು ಏನೋ ಒಂದು ಹೆಸರಿನಿಂದ ಕರೆಯುತ್ತಿದ್ದದ್ದು ನೆನಪಿದೆ, ಹೆಸರು ನೆನಪಿಲ್ಲ. ನೆಗಡಿಯಾದಾಗ ಅದರ ಎಲೆಯನ್ನು ಹಿಂಡುತ್ತಿದ್ದ ಅವರ ಕೈ ನೆನಪಿದೆ. ಅಂದು ಶಾಲೆಯಲ್ಲಿ ನಾವು ಒಂದು ಹೆಸರನ್ನು ಮರೆಮಾಡಿದೆವು. ಮರೆಮಾಡುತ್ತ ಮಾಡುತ್ತ ಎಷ್ಟನ್ನು ಮರೆತೆವೋ ಲೆಕ್ಕವಿಟ್ಟವರಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಈ ಮಳೆಗಾಲ ಹಿತ್ತಿಲಿನಲ್ಲಿ, ಗದ್ದೆಯ ಬದುವಿನಲ್ಲಿ, ಗೋರಿಗಳ ಸಂದಿಯಲ್ಲಿ ಅರಳುವ ಹೂಗಳನ್ನು ಮನೆಯ ಹಿರಿಯರಿಗೆ ತೋರಿಸಿ ಹೆಸರು ಕೇಳಿ. ಕನ್ನಡ, ದಖನಿ, ಬ್ಯಾರಿ, ತುಳು, ಕೊಂಕಣಿ, ಅವರ ಬಾಯಲ್ಲಿ ಯಾವುದು ಬಂದರೂ ಬರೆದುಕೊಳ್ಳಿ. ಒಂದು ಹೂವಿಗೆ ಬಂದ ಎಲ್ಲ ಹೆಸರುಗಳನ್ನೂ ಒಂದೇ ಸಾಲಿನಲ್ಲಿ ಬರೆಯಿರಿ, ಮೇಲೆ ಕೆಳಗೆ ಬೇಡ. ಯಾರನ್ನಾದರೂ ನೋಯಿಸುವ ಹೆಸರು ಬಂದರೆ ಅದು ಹೇಗೆ ಬಂತೆಂದು ಪಕ್ಕದಲ್ಲಿ ಬರೆದಿಟ್ಟು, ಕರೆಯುವಾಗ ಬೇರೆ ಹೆಸರು ಬಳಸಿ. ಮಕ್ಕಳು ಆ ಪುಸ್ತಕವನ್ನು ಶಾಲೆಗೆ ಒಯ್ಯಲಿ. ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಮಾಸ್ತರರು ಕೇಳಿದಾಗ ಎದ್ದುನಿಂತು, ಗುಲ್‌ಮೆಹಂದಿ ಎನ್ನುತ್ತಾರೆ ಸಾರ್ ಎಂದು ಹೇಳಲಿ.